ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಫ್ಯಾರನ್‌ಹೀಟ್‌ನಲ್ಲಿ ಎಷ್ಟು? 32 ಕೂಡಿಸಬೇಕೇ, ಬೇಡವೇ?

ಪ್ರಶ್ನೆ

ಅಪ್ಪನಿಗೆ ಶಸ್ತ್ರಚಿಕಿತ್ಸೆಯಾಗಿ ಆರು ದಿನವಾಯಿತು. ಮೊನ್ನೆ ಮನೆಗೆ ಕರೆತಂದೆವು. ದಿನಕ್ಕೆ ಮೂರು ಹೊತ್ತು ಜ್ವರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಪಾಲಿನ ಕೆಲಸ. ಹೊರಡುವಾಗ ವೈದ್ಯರು, "ಇವರ ಎಂದಿನ ಮಟ್ಟಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೂ ಫೋನ್ ಮಾಡಿ" ಎಂದಿದ್ದರು. ನಮ್ಮ ಥರ್ಮಾಮೀಟರ್ ತೋರಿಸುವುದು ಫ್ಯಾರನ್‌ಹೀಟ್ ಮಾತ್ರ. ಅಪ್ಪನ ಎಂದಿನ ಅಳತೆ 97.8.

ಶಾಲೆಯಲ್ಲಿ ಕಲಿತ ಸೂತ್ರ ಇನ್ನೂ ಬಾಯಿಪಾಠವಿದೆ: ಸೆಲ್ಸಿಯಸ್ ಸಂಖ್ಯೆಯನ್ನು 9ರಿಂದ ಗುಣಿಸು, 5ರಿಂದ ಭಾಗಿಸು, 32 ಕೂಡಿಸು. 1ಕ್ಕೆ ಹಾಗೆ ಮಾಡಿದರೆ 33.8 ಬಂತು. 97.8ಕ್ಕೆ ಅದನ್ನು ಸೇರಿಸಿದರೆ 131.6. ಯಾವ ಮನುಷ್ಯನ ಮೈಯೂ ಅಷ್ಟು ಬಿಸಿಯಾಗುವುದಿಲ್ಲ ಎಂಬುದು ನನಗೂ ಗೊತ್ತು.

ಆಮೇಲೆ ಸುತ್ತುದಾರಿ ಹಿಡಿದೆ. 97.8ನ್ನು ಸೆಲ್ಸಿಯಸ್‌ಗೆ ತಂದಾಗ ಸುಮಾರು 36.56 ಆಯಿತು. ಒಂದು ಡಿಗ್ರಿ ಸೇರಿಸಿ 37.56 ಮಾಡಿಕೊಂಡು ಮತ್ತೆ ಫ್ಯಾರನ್‌ಹೀಟ್‌ಗೆ ತಂದರೆ 99.6. ಅಂದರೆ ಏರಿಕೆ ಬರೀ 1.8. ಇದು ನಂಬುವಂತಿದೆ. ಆದರೆ ಸೂತ್ರ ಅದೇ, ಡಿಗ್ರಿಯೂ ಅದೇ ಒಂದು. ಒಂದು ದಾರಿಯಲ್ಲಿ 33.8, ಇನ್ನೊಂದರಲ್ಲಿ 1.8. ನಡುವಿನ ಆ 32 ಎಲ್ಲಿ ಹೋಯಿತು? ರಾತ್ರಿ ಅಪ್ಪನ ಪಕ್ಕದಲ್ಲಿ ಒಬ್ಬಳೇ ಎದ್ದು ಕುಳಿತಾಗ ನಾನು ನಂಬಬೇಕಾದ ಸಂಖ್ಯೆ ಇದು. ಕಾರಣ ತಿಳಿಯದೆ ನೆಮ್ಮದಿಯಿಲ್ಲ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1

1.8 ಸರಿಯಾದ ಉತ್ತರ. 99.6 ದಾಟಿದರೆ ಫೋನ್ ಮಾಡಿ. ಏರಿಕೆ ಇಳಿಕೆಗಳನ್ನು ಪರಿವರ್ತಿಸುವಾಗ 32ನ್ನು ಮುಟ್ಟುವಂತಿಲ್ಲ. ಲೆಕ್ಕದ ಗೋಜೇ ಬೇಡವೆಂದರೆ ಸೆಲ್ಸಿಯಸ್ ಸಂಖ್ಯೆಯನ್ನು ದುಪ್ಪಟ್ಟು ಮಾಡಿ 30 ಕೂಡಿಸಿ. ಹವಾಮಾನ ವರದಿ ಓದುವಾಗ ನಾನು ಹಾಗೆಯೇ ಮಾಡುತ್ತೇನೆ. ತಂದೆಯವರು ಬೇಗ ಗುಣವಾಗಲಿ.

ಉತ್ತರ 2

ಮೂವತ್ತೊಂದು ವರ್ಷ ಅಳತೆಯ ಉಪಕರಣಗಳನ್ನು ತಾಳೆ ನೋಡುವ ಪ್ರಯೋಗಾಲಯದಲ್ಲಿ ದುಡಿದವನು ನಾನು. ಅದರಲ್ಲಿ ಹೆಚ್ಚಿನ ಕಾಲ ಥರ್ಮಾಮೀಟರುಗಳ ಮುಂದೆಯೇ ಕಳೆದಿದ್ದೇನೆ.

ಮೊದಲು ತುರ್ತಿನ ಮಾತು. ಮೇಲಿನವರು ಹೇಳಿದ 1.8 ಸರಿ. ಆದರೆ "ದುಪ್ಪಟ್ಟು ಮಾಡಿ 30 ಕೂಡಿಸಿ" ಎಂಬುದನ್ನು ಜ್ವರದ ಲೆಕ್ಕಕ್ಕೆ ತರಲೇಬೇಡಿ. 10 ಡಿಗ್ರಿಗೆ ಅದು ಕೂದಲೆಳೆಯಷ್ಟೂ ತಪ್ಪದೆ 50 ಎನ್ನುತ್ತದೆ. ಅಲ್ಲಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ. 38ಕ್ಕೆ 106 ಎನ್ನುತ್ತದೆ, ನಿಜವಾದ ಉತ್ತರ 100.4. ಸಣ್ಣ ಜ್ವರಕ್ಕೂ ಪ್ರಾಣಾಪಾಯದ ಜ್ವರಕ್ಕೂ ನಡುವಿನ ಅಂತರ ಅದು. ಬಾಯಿಲೆಕ್ಕವೇ ಬೇಕೆಂದರೆ ದುಪ್ಪಟ್ಟು ಮಾಡಿ, ಬಂದದ್ದರಲ್ಲಿ ಹತ್ತನೆಯ ಒಂದು ಪಾಲನ್ನು ಕಳೆದು, ಆಮೇಲೆ 32 ಕೂಡಿಸಿ. 38ರ ದುಪ್ಪಟ್ಟು 76. ಅದರಲ್ಲಿ 7.6 ಕಳೆದರೆ 68.4. ಅದಕ್ಕೆ 32 ಸೇರಿದರೆ 100.4. ಇದು ಅಂದಾಜಲ್ಲ. ಎರಡರಲ್ಲಿ ಹತ್ತನೆಯ ಒಂದು ಪಾಲು ಹೋದರೆ 1.8 ಉಳಿಯುತ್ತದೆ, 9ನ್ನು 5ರಿಂದ ಭಾಗಿಸಿದರೂ ಅದೇ.

ಈಗ ನಿಮ್ಮ 32ರ ವಿಷಯ. ಗಾಜಿನ ಥರ್ಮಾಮೀಟರುಗಳಲ್ಲಿ ಕೆಲವಕ್ಕೆ ಒಂದೇ ಪಾದರಸದ ಗೆರೆಯ ಎರಡೂ ಬದಿಗೆ ಅಳತೆಯ ಗೀಟುಗಳಿರುತ್ತವೆ, ಎಡಕ್ಕೆ ಸೆಲ್ಸಿಯಸ್, ಬಲಕ್ಕೆ ಫ್ಯಾರನ್‌ಹೀಟ್. ಕರಗುವ ಮಂಜುಗಡ್ಡೆಯಲ್ಲಿಟ್ಟರೆ ಪಾದರಸ ನಿಲ್ಲುವ ಕಡೆ ಎಡಗಡೆ 0, ಬಲಗಡೆ 32. ಸಮುದ್ರಮಟ್ಟದಲ್ಲಿ ಕುದಿಯುವ ನೀರಿನ ಹಬೆಯಲ್ಲಿ ಎಡಗಡೆ 100, ಬಲಗಡೆ 212. ನಡುವಿನ ಅದೇ ಉದ್ದವನ್ನು ಎಡಗಡೆಯವರು 100 ಪಾಲು ಮಾಡಿದ್ದಾರೆ, ಬಲಗಡೆಯವರು 180 ಪಾಲು ಮಾಡಿದ್ದಾರೆ. ಪಾದರಸ ಎಡಗಡೆಯ ಒಂದು ಮನೆ ಏರಿದರೆ ಬಲಗಡೆ 1.8 ಮನೆ ಏರಿರುತ್ತದೆ. ಅದು ಎಲ್ಲಿಂದ ಏರಲು ಶುರುವಾಯಿತು ಎಂಬುದಕ್ಕೂ ಈ ಏರಿಕೆಗೂ ಸಂಬಂಧವೇ ಇಲ್ಲ.

ಪಾದರಸ ಈಗ ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಎಷ್ಟು ಸರಿಯಿತು ಎಂಬುದು ಬೇರೆ ಪ್ರಶ್ನೆ. ಎರಡು ಪಟ್ಟಿಗಳ ಸೊನ್ನೆಗಳು ಬೇರೆ ಬೇರೆ ಕಡೆ ಇರುವುದರಿಂದ ಮೊದಲ ಪ್ರಶ್ನೆಗೆ 32 ಬೇಕೇ ಬೇಕು. ಎರಡನೆಯದಕ್ಕೆ ಬೇಡ. ನಿಮ್ಮ ಸುತ್ತುದಾರಿಯನ್ನೇ ಮತ್ತೊಮ್ಮೆ ನೋಡಿ. 97.8ರ ಒಳಗೂ ಒಂದು 32 ಇದೆ, 99.6ರ ಒಳಗೂ ಒಂದು 32 ಇದೆ. ಒಂದರಿಂದ ಇನ್ನೊಂದನ್ನು ಕಳೆದಾಗ ಅವೆರಡೂ ಹೊಡೆದುಹೋದವು. ನಿಮ್ಮ 32 ಹೋದದ್ದು ಅಲ್ಲಿಗೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾನೂ ಇದೇ ತಪ್ಪು ಮಾಡಿದ್ದೆ. ಒಂದು ಕುಲುಮೆಯ ಥರ್ಮಾಮೀಟರಿಗೆ ಪ್ರಮಾಣಪತ್ರ ಬರೆಯಬೇಕಿತ್ತು. ಅದರ ಓದು 2 ಡಿಗ್ರಿ ಸೆಲ್ಸಿಯಸ್‌ನಷ್ಟು ಆಚೀಚೆ ಆಗಬಹುದು ಎಂದು ಬರೆದು, ಪಕ್ಕದ ಫ್ಯಾರನ್‌ಹೀಟ್ ಅಂಕಣದಲ್ಲಿ 35.6 ಎಂದು ತುಂಬಿದೆ. ಬರೆಯಬೇಕಿದ್ದದ್ದು 3.6. ಹಿರಿಯರೊಬ್ಬರು ಆ ಅಂಕಿಯ ಸುತ್ತ ಕೆಂಪು ಶಾಯಿಯ ವೃತ್ತ ಎಳೆದು ಮೇಜಿನ ಮೇಲಿಟ್ಟು ಹೋದರು. ಒಂದು ಮಾತೂ ಆಡಲಿಲ್ಲ. ಆ ಕಾಗದ ಪ್ರಯೋಗಾಲಯದ ಹೊರಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಡವಗುಟ್ಟುತ್ತದೆ. ನೀವು 131.6 ನೋಡಿದ ಕೂಡಲೇ ಇದು ಆಗದ ಮಾತು ಎಂದು ನಿಂತಿರಲ್ಲ, ನಾನು ಅವತ್ತು ಹಾಗೆ ನಿಲ್ಲಲಿಲ್ಲ.

32 ಎಂಬ ವಿಚಿತ್ರ ಸಂಖ್ಯೆಯೇ ಏಕೆ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ. ಫ್ಯಾರನ್‌ಹೀಟ್ ಎಂಬ ವಿಜ್ಞಾನಿ ತನ್ನ ತಾಪಮಾನದ ಪಟ್ಟಿಯನ್ನು ವಿವರಿಸಿ ಬರೆದದ್ದು 1724ರಲ್ಲಿ. ಮಂಜುಗಡ್ಡೆ, ನೀರು, ನವಸಾಗರವೆಂಬ ಲವಣ ಬೆರೆಸಿದಾಗ ಸಿಗುವ ಕೊರೆಯುವ ತಂಪನ್ನು ಆತ ಸೊನ್ನೆ ಎಂದು ಹಿಡಿದ. ಬರೀ ನೀರು ಮತ್ತು ಮಂಜುಗಡ್ಡೆಯ ಮಿಶ್ರಣ 32 ಆಯಿತು, ಆರೋಗ್ಯವಂತ ಮನುಷ್ಯನ ಬಾಯಿಯ ಅಥವಾ ಕಂಕುಳಿನ ಬಿಸಿ 96 ಆಯಿತು. ಆತ ತೀರಿಕೊಂಡ ಮೇಲೆ ನೀರಿನ ಕುದಿಬಿಂದುವನ್ನು 212 ಎಂದು ಗಟ್ಟಿ ಮಾಡಿದ್ದರಿಂದ ಮೈಬಿಸಿಯ ಅಂಕಿ ತುಸು ಮೇಲೆ ಸರಿಯಿತು. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಮಾಡಿದ ಪಟ್ಟಿಯಂತೂ ತಲೆಕೆಳಗಾಗಿತ್ತು, ಕುದಿಯುವ ನೀರಿಗೆ 0, ಹೆಪ್ಪುಗಟ್ಟುವ ನೀರಿಗೆ 100. ಅದೇ ಉಳಿದಿದ್ದರೆ ಜ್ವರ ಏರಿದಂತೆ ನಿಮ್ಮ ನೋಟ್‌ಬುಕ್ಕಿನ ಸಂಖ್ಯೆ ಇಳಿಯುತ್ತಿತ್ತು. 1744ರಲ್ಲಿ ಆತ ತೀರಿಕೊಂಡ ಬಳಿಕ ಅದನ್ನು ತಿರುಗಿಸಿದರು.

ಕೊನೆಯದಾಗಿ, ನಿಮ್ಮ ತಂದೆಯವರ 97.8 ಕಂಡು "98.6 ಇರಬೇಕಿತ್ತಲ್ಲ" ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. ಜರ್ಮನಿಯ ವೈದ್ಯ ವುಂಡರ್ಲಿಶ್ 1868ರಲ್ಲಿ ಸಾವಿರಾರು ರೋಗಿಗಳ ಅಳತೆಗಳಿಂದ ತೆಗೆದ ಸರಾಸರಿ 37 ಡಿಗ್ರಿ ಸೆಲ್ಸಿಯಸ್. ದುಂಡಗಿನ ಆ 37ನ್ನು ಸೂತ್ರಕ್ಕೆ ಹಾಕಿದರೆ 98.6 ಬರುತ್ತದೆ. ದಶಮಾಂಶದ ಆ 6 ಹುಟ್ಟಿದ್ದು ಗುಣಾಕಾರದಿಂದ, ಯಾರ ಮೈಯಿಂದಲೂ ಅಲ್ಲ. ಜನರಿಂದ ಜನರಿಗೆ, ಬೆಳಗಿನಿಂದ ಸಂಜೆಗೆ ಮೈಬಿಸಿ ಬದಲಾಗುತ್ತದೆ. ಮುಂಜಾನೆ ಕಡಿಮೆ, ಇಳಿಹೊತ್ತಿಗೆ ಹೆಚ್ಚು. ಆದ್ದರಿಂದ ಇಂದಿನ ಸಂಜೆಯ ಅಳತೆಯನ್ನು ನಿನ್ನೆಯ ಸಂಜೆಯದರ ಜೊತೆ ಹೋಲಿಸಿ. ಒಮ್ಮೆ ಬಾಯಿ, ಒಮ್ಮೆ ಕಂಕುಳು ಎಂದು ಜಾಗ ಬದಲಿಸಬೇಡಿ. 97.8 ಎಂಬುದು ದಿನದ ಯಾವ ಹೊತ್ತಿನ ಅಳತೆ ಎಂಬುದನ್ನೂ ವೈದ್ಯರಿಗೆ ತಿಳಿಸಿಬಿಡಿ.

ಉತ್ತರ 3

ನಾನು ಎಂಟನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. "10 ಡಿಗ್ರಿ ಸೆಲ್ಸಿಯಸ್ 20 ಆದರೆ ಬಿಸಿ ಎರಡರಷ್ಟಾಯಿತೇ?" ಎಂದು ಹುಡುಗಿಯೊಬ್ಬಳು ಕಳೆದ ವಾರ ಕೇಳಿದ್ದಳು. ಅಲ್ಲ ಎಂದು ಗೊತ್ತಿತ್ತು, ಚೆನ್ನಾಗಿ ವಿವರಿಸಲಾಗಲಿಲ್ಲ. ಇದೂ ಸೊನ್ನೆ ಎಲ್ಲಿದೆ ಎಂಬುದರದ್ದೇ ತೊಡಕಲ್ಲವೇ?

ಉತ್ತರ 2 ಬರೆದವರಿಂದ

ಹೌದು, ಅದೇ. ಆ ಹುಡುಗಿಗೆ ಅದೇ ಎರಡು ಬಿಸಿಗಳನ್ನು ಫ್ಯಾರನ್‌ಹೀಟ್‌ನಲ್ಲಿ ಬರೆಯಲು ಹೇಳಿ, 50 ಮತ್ತು 68. ಎರಡರಷ್ಟು ಎಂಬುದು ಅಲ್ಲಿಯೇ ಮಾಯವಾಗುತ್ತದೆ. ಬಿಸಿ ಬದಲಾಗಿಲ್ಲ, ಪಟ್ಟಿ ಬದಲಾಗಿದೆ, ಅಷ್ಟಕ್ಕೇ ಉತ್ತರ ಬೇರೆಯಾಯಿತೆಂದರೆ ಪ್ರಶ್ನೆಯನ್ನು ಆ ಪಟ್ಟಿಗಳಿಗೆ ಕೇಳಬಾರದಿತ್ತು ಎಂದರ್ಥ. ಎರಡರಷ್ಟು, ಅರ್ಧದಷ್ಟು ಎನ್ನಬೇಕಾದರೆ ಸೊನ್ನೆ ಎಂಬುದು ನಿಜವಾದ ತಳವಾಗಿರಬೇಕು, ಅದಕ್ಕಿಂತ ತಂಪು ಇರಬಾರದು. ಆ ತಳ ಇರುವುದು ಸೆಲ್ಸಿಯಸ್‌ನ ಸೊನ್ನೆಗಿಂತ 273.15 ಡಿಗ್ರಿ ಕೆಳಗೆ. ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1848ರಲ್ಲಿ ಇಂಥದ್ದೊಂದು ಮಾನವನ್ನು ಮುಂದಿಟ್ಟ. ಅದರಂತೆ ನಿಮ್ಮ 10 ಎಂದರೆ 283.15, 20 ಎಂದರೆ 293.15. ಹೆಚ್ಚಿದ್ದು ನೂರಕ್ಕೆ ಮೂರೂವರೆ ಪಾಲು. ಕೆಲ್ವಿನ್‌ನ ಒಂದು ಮನೆಯ ಅಳತೆ ಸೆಲ್ಸಿಯಸ್‌ನ ಒಂದು ಮನೆಯಷ್ಟೇ ಇದೆ, ಹಾಗಾಗಿ ಏರಿಕೆಯ ಸಂಖ್ಯೆ ಎರಡರಲ್ಲೂ ಒಂದೇ.

ಇನ್ನೊಂದು ಲೆಕ್ಕವನ್ನೂ ಮಕ್ಕಳ ಮುಂದಿಡಿ. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಸಂಖ್ಯೆ ತೋರಿಸುತ್ತವೆ. ಅಲ್ಲಿಂದಲೇ ಎಣಿಸಿದರೆ 32ರ ಹಂಗೇ ಇಲ್ಲ. ಯಾವ ಕಡೆಯಿಂದ ಯಾವ ಕಡೆಗೆ ಬದಲಿಸಬೇಕಾದರೂ ಮೊದಲು 40 ಕೂಡಿಸಿ, ಕೊನೆಗೆ 40 ಕಳೆಯಿರಿ. ನಡುವೆ ಫ್ಯಾರನ್‌ಹೀಟ್‌ಗೆ ಹೋಗುವಾಗ 1.8ರಿಂದ ಗುಣಿಸಿ, ಸೆಲ್ಸಿಯಸ್‌ಗೆ ಬರುವಾಗ 1.8ರಿಂದ ಭಾಗಿಸಿ. 40 ಯಾಕೆ ಎಂಬುದನ್ನು ಅವರೇ ಹುಡುಕಲಿ, ನೀವು ಹೇಳಿಬಿಡಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆ. ಎರಡೂ ಬದಿಗೆ ಗೀಟುಗಳಿರುವ ಕೊಳವೆಯೊಂದನ್ನು ಕಾಗದದ ಮೇಲೆ ಬರೆದು ನೋಡಿದೆ. 0ಯ ಎದುರು 32 ಬರೆದು ಒಂದೊಂದೇ ಗೀಟು ಏರುತ್ತಾ ಹೋದಾಗ ಅರ್ಥವಾಯಿತು. ವೈದ್ಯರಿಗೂ ಫೋನ್ ಮಾಡಿ 97.8 ಬೆಳಗಿನ ಅಳತೆ ಎಂದು ಹೇಳಿದೆ. ಸಂಜೆಯದನ್ನು ಬೇರೆ ಅಂಕಣದಲ್ಲಿ ಬರೆಯಿರಿ, 99.6ರ ಗಡಿ ಹಾಗೆಯೇ ಇರಲಿ ಎಂದರು. ಅಪ್ಪನ ಮಂಚದ ಪಕ್ಕದ ಗೋಡೆಗೆ ಆ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ, ನಾನು ನಿದ್ದೆಗೆ ಜಾರಿದರೂ ತಮ್ಮ ನೋಡಿಕೊಳ್ಳಬಹುದು. ನಿನ್ನೆ ಸಂಜೆ 98.4 ಇತ್ತು, ಇಂದು ಬೆಳಿಗ್ಗೆ 97.9.