ಗೈಡ್‌ ಸಿಗುವ ಮೊದಲು ಒಬ್ಬ ಅಕ್ಕ ಸಿಗಬೇಕು

ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಬಾಗಲಕೋಟೆಯ ನವನಗರದ ಓದುಗರೊಬ್ಬರು ಹೀಗೆ ಬರೆದಿದ್ದರು:

‘ನನಗೆ 33 ವರ್ಷ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ ಒಂಬತ್ತು ವರ್ಷಗಳಿಂದ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡು ಬಂದ ಹೆಣ್ಣುಮಕ್ಕಳ ಬದುಕಿನ ಮೇಲೆ ಪಿಎಚ್‌.ಡಿ. ಮಾಡಬೇಕೆಂಬುದು ಬಹುದಿನದ ಆಸೆ. ನನ್ನ ತಾಯಿಯೂ ಅವರಲ್ಲಿ ಒಬ್ಬಳು. ಮಗಳು ಎರಡನೆಯ ತರಗತಿಯಲ್ಲಿದ್ದಾಳೆ. ಅತ್ತೆಯವರು ‘ಇನ್ನೇನು ಓದು’ ಎನ್ನುತ್ತಾರೆ. ನಮ್ಮ ಮನೆಯವರು ಬೇಡ ಎನ್ನುವುದಿಲ್ಲ, ಮಾಡು ಎಂದೂ ಹೇಳುವುದಿಲ್ಲ. ಇಬ್ಬರು ಪ್ರಾಧ್ಯಾಪಕರನ್ನು ಕೇಳಿದೆ. ಒಬ್ಬರು ಸೀಟಿಲ್ಲ ಎಂದರು, ಇನ್ನೊಬ್ಬರು ಮದುವೆಯಾದವರು ಮುಗಿಸುವುದಿಲ್ಲ ಎಂದರು. ನಮ್ಮ ಮನೆತನದಲ್ಲಿ ಇಷ್ಟು ಓದಿದವರು ಯಾರೂ ಇಲ್ಲ. ಯಾರನ್ನು ಕೇಳಲಿ, ಏನನ್ನು ಕೇಳಲಿ ಎಂಬುದೇ ತಿಳಿಯುತ್ತಿಲ್ಲ.’

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಓದಿದವರ ಮನೆಯಲ್ಲಿ ಬೆಳೆದ ಮಕ್ಕಳಿಗೆ ಊಟಕ್ಕೆ ಕುಳಿತಾಗಲೇ ಕಿವಿಗೆ ಬೀಳುವ ಸಂಗತಿಗಳು ನಮ್ಮಂಥವರಿಗೆ ಹತ್ತು ಬಾಗಿಲು ಬಡಿದರೂ ಸಿಗುವುದಿಲ್ಲ. ಅದರಲ್ಲಿ ನಿಮ್ಮ ದಡ್ಡತನವೇನೂ ಇಲ್ಲ. ಆದ್ದರಿಂದ ನಿಮಗೆ ಸಿಕ್ಕ ಎರಡು ಉತ್ತರಗಳಿಂದಲೇ ಶುರು ಮಾಡುತ್ತೇನೆ.

‘ಸೀಟಿಲ್ಲ’ ಎಂದವರು ಸುಳ್ಳು ಹೇಳಿರಲಿಕ್ಕಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಒಬ್ಬ ಪ್ರಾಧ್ಯಾಪಕರು ಒಂದು ಹೊತ್ತಿಗೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ವಿದ್ಯಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತೆಯೇ ಇಲ್ಲ. ಹಾಗಾಗಿ ಸೀಟಿದೆಯೇ ಎಂದು ಕೇಳಿ ಸುಮ್ಮನೆ ಬರಬೇಡಿ. ‘ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ವರ್ಷ ಪ್ರಬಂಧ ಸಲ್ಲಿಸುತ್ತಾರೆಯೇ?’ ಎಂದು ಕೇಳಿ. ಒಬ್ಬರು ಸಲ್ಲಿಸಿದರೆ ಒಂದು ಜಾಗ ತೆರವಾಗುತ್ತದೆ.

‘ಮದುವೆಯಾದವರು ಮುಗಿಸುವುದಿಲ್ಲ’ ಎಂದವರ ಮೇಲೆ ನನಗೆ ಸಿಟ್ಟಿದೆ. ಬಾಣಂತನ, ಮಗುವಿನ ಜ್ವರ, ಗಂಡನ ವರ್ಗಾವಣೆ ಇವೆಲ್ಲ ಬರುತ್ತವೆ ಎಂದು ನಿಯಮ ಬರೆದವರಿಗೇ ಗೊತ್ತಿತ್ತು. ಎಲ್ಲರಿಗೂ ಆರು ವರ್ಷದ ಅವಧಿ ಇದ್ದು, ಮರುನೋಂದಣಿಯಿಂದ ಎರಡು ವರ್ಷ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಅದರ ಮೇಲೆ ಇನ್ನೆರಡು ವರ್ಷವಿದೆ, ಒಟ್ಟು ಹತ್ತು. ಹೆರಿಗೆಗೆ ಮತ್ತು ಮಗುವಿನ ಆರೈಕೆಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಪಡೆಯಬಹುದು. ಮದುವೆಯಿಂದಲೋ ಬೇರೆ ಕಾರಣದಿಂದಲೋ ಊರು ಬದಲಾದರೆ ಅಲ್ಲಿಯವರೆಗಿನ ಸಂಶೋಧನೆಯನ್ನು ಷರತ್ತುಗಳೊಂದಿಗೆ ಹೊಸ ಸಂಸ್ಥೆಗೆ ಒಯ್ಯಲೂ ಅವಕಾಶವಿದೆ. ಆ ನಿಯಮಾವಳಿಯನ್ನು ಮುದ್ರಿಸಿಕೊಂಡು ಚೀಲದಲ್ಲಿಟ್ಟುಕೊಳ್ಳಿ. ಅದು ನಿಮ್ಮ ಹಕ್ಕು.

ಇನ್ನು ವಿಷಯ. ‘ಹಿನ್ನೀರು ಮತ್ತು ಹೆಣ್ಣುಮಕ್ಕಳ ಬದುಕು’ ಎಂದರೆ ಕೃಷ್ಣೆಯಷ್ಟೇ ಅಗಲವಾಯಿತು. ಬಾಗಲಕೋಟೆಯಿಂದ ವಿಜಯಪುರಕ್ಕೆ ಬರುವಾಗ ಕೊಲ್ಹಾರದ ಸೇತುವೆಯ ಮೇಲಿಂದ ಆ ನೀರನ್ನು ನೀವು ಎಷ್ಟು ಸಲ ನೋಡಿಲ್ಲ? ಅಷ್ಟನ್ನೂ ಒಂದು ಪ್ರಬಂಧದಲ್ಲಿ ತುಂಬಲು ಆಗದು. ಒಂದೇ ಒಂದು ಪ್ರಶ್ನೆ ಹಿಡಿಯಿರಿ. ಪರಿಹಾರದ ಹಣ ಮನೆಯಲ್ಲಿ ಯಾರ ಕೈಗೆ ಬಂತು, ಅದನ್ನು ಹೀಗೆ ಖರ್ಚು ಮಾಡಬೇಕೆಂದು ಯಾರು ತೀರ್ಮಾನಿಸಿದರು? ಹಳೆಯ ಊರಿನ ಓಣಿಯಲ್ಲಿ ಕೈಗಡ ಕೊಟ್ಟು ತೆಗೆದುಕೊಳ್ಳುತ್ತಿದ್ದ ನೆರೆಹೊರೆಯವರು ಬೇರೆ ಬೇರೆ ಸೆಕ್ಟರ್‌ಗಳಿಗೆ ಚದುರಿದ ಮೇಲೆ ಆ ಹೆಂಗಸರು ಕಷ್ಟಕಾಲಕ್ಕೆ ಯಾರ ಬಳಿ ಹೋದರು? ಹೊಲ ಹೋದ ಮೇಲೆ ಕೂಲಿ ಮಾಡುತ್ತಿದ್ದವಳು ಏನು ಮಾಡಿದಳು? ಇವುಗಳಲ್ಲಿ ಯಾವುದಾದರೂ ಒಂದು ಐದು ವರ್ಷಕ್ಕೆ ಧಾರಾಳ. ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತ ಎದುರಿಗೇ ಇದೆ. ಮತ್ತಷ್ಟು ಮನೆಗಳು ಏಳಬೇಕಾಗುತ್ತದೆ. ಮೊದಲ ಸಲ ಎದ್ದ ಹೆಂಗಸರಿಗೆ ಏನಾಯಿತೆಂದು ಬರೆದಿಡಲು ಇದಕ್ಕಿಂತ ತಕ್ಕ ಹೊತ್ತು ಇಲ್ಲ. ಆ ಕೆಲಸಕ್ಕೆ ಆ ಮನೆಯ ಮಗಳೇ ಹೊರಟಿದ್ದೀರಿ ಎಂದು ಓದಿ ನನಗೆ ಬಹಳ ಸಂತೋಷವಾಯಿತು.

ನನಗೆ ಗೈಡ್ ಇದ್ದರು, ಒಳ್ಳೆಯವರೇ. ಆದರೆ ನನಗೆ ಬರೆಯಲು ಕಲಿಸಿದವರು ಅವರಲ್ಲ. ನಮ್ಮ ವಿಭಾಗದಲ್ಲಿ ನನಗಿಂತ ಎಂಟು ವರ್ಷ ಹಿರಿಯ ಅಕ್ಕ ಒಬ್ಬರಿದ್ದರು. ನನ್ನ ಮೊದಲ ಅಧ್ಯಾಯವನ್ನು ನಾಲ್ಕು ಭಾನುವಾರ ಎದುರಿಗೆ ಕುಳಿತು ಓದಿದರು. ಸಾಲು ಸಾಲಿಗೂ ಪೆನ್ಸಿಲ್ಲಿನಲ್ಲಿ ‘ಇದು ನಿನಗೆ ಹೇಗೆ ಗೊತ್ತು?’ ಎಂದು ಬರೆಯುತ್ತಿದ್ದರು. ಎರಡನೆಯ ಭಾನುವಾರ ನಾನು ಅತ್ತುಬಿಟ್ಟೆ. ಮೂರನೆಯ ಭಾನುವಾರದ ಹೊತ್ತಿಗೆ ಆ ಪ್ರಶ್ನೆಯನ್ನು ನಾನೇ ನನಗೆ ಕೇಳಿಕೊಳ್ಳತೊಡಗಿದ್ದೆ. ನಿಮಗೆ ಈಗ ಬೇಕಾಗಿರುವುದು ಅಂಥ ಒಬ್ಬ ಅಕ್ಕ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ 2003ರಿಂದ ಇದೆ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಿಂದ ಇದೆ. ಎರಡರಲ್ಲೂ ನಿಮ್ಮಂತೆಯೇ ಬುತ್ತಿ ಕಟ್ಟಿಕೊಂಡು ಬಸ್ಸಿಳಿದು ಬರುವ ಸಂಶೋಧಕಿಯರಿದ್ದಾರೆ. ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗುವ ಮೊದಲು ಗ್ರಂಥಾಲಯದಲ್ಲಿ ಕುಳಿತ ಆ ಹುಡುಗಿಯರ ಪಕ್ಕ ಹೋಗಿ ಕುಳಿತುಕೊಳ್ಳಿ.

— ನಿವೃತ್ತ ಪ್ರಾಧ್ಯಾಪಕಿ, ವಿಜಯಪುರ

*

ಸಹೋದರಿ, ನನ್ನ ಹೆಂಡತಿ ಪಿಎಚ್‌.ಡಿ. ಮುಗಿಸಿ ಮೂರು ವರ್ಷವಾಯಿತು. ಮೊದಲ ಎರಡು ವರ್ಷ ನಾನೂ ನಿಮ್ಮ ಮನೆಯವರಂತೆಯೇ ಇದ್ದೆ. ಬೇಡ ಎನ್ನಲಿಲ್ಲ, ಅದನ್ನೇ ದೊಡ್ಡ ಉಪಕಾರ ಎಂದುಕೊಂಡಿದ್ದೆ. ಒಂದು ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಬಂದು ಅವಳು ಪುಸ್ತಕ ತೆರೆದಳು, ಹತ್ತು ನಿಮಿಷಕ್ಕೆ ಅದರ ಮೇಲೆಯೇ ತಲೆಯಿಟ್ಟು ಮಲಗಿದಳು. ಮರುದಿನದಿಂದ ಸಂಜೆ ಏಳರಿಂದ ಒಂಬತ್ತರವರೆಗೆ ಮಕ್ಕಳು ಮತ್ತು ಅಡುಗೆಮನೆ ನನ್ನ ಪಾಲಿಗೆ ಬಂದವು. ನಿಮ್ಮ ಮನೆಯವರಿಗೆ ‘ಸಹಕಾರ ಕೊಡಿ’ ಎಂದು ಕೇಳಬೇಡಿ, ಅದು ಯಾರಿಗೂ ಅರ್ಥವಾಗದ ಮಾತು. ಎರಡು ತಾಸು ಕೇಳಿ, ಯಾವ ಎರಡು ತಾಸು ಎಂಬುದನ್ನೂ ಹೇಳಿ.

— ಪ್ರೌಢಶಾಲಾ ಶಿಕ್ಷಕ, ಗೋಕಾಕ

*

ಅಕ್ಕಾ, ನಾನು ನಿಮಗಿಂತ ಚಿಕ್ಕವಳು. ಪೂರ್ಣಾವಧಿ ಸಂಶೋಧನೆಯ ಎರಡನೆಯ ವರ್ಷದಲ್ಲಿದ್ದೇನೆ. ವಯಸ್ಸಾಯಿತು ಎಂಬ ಅಳುಕು ನಿಮ್ಮ ಪತ್ರದಲ್ಲಿ ಕಂಡಿತು. ಅದಕ್ಕೇ ಈ ಲೆಕ್ಕ ಬರೆಯುತ್ತಿದ್ದೇನೆ. ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಜೆ.ಆರ್.ಎಫ್. ಎಂಬ ಸಂಶೋಧನಾ ಶಿಷ್ಯವೇತನ ಪಡೆಯಲು ವಯೋಮಿತಿ 30, ಆದರೆ ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಇದೆ. ನಿಮಗಿನ್ನೂ 33. ಜೂನ್ ಮತ್ತು ಡಿಸೆಂಬರ್ ಎಂದು ವರ್ಷಕ್ಕೆ ಎರಡು ಸುತ್ತು. ಹಾಗಾದರೆ ಎರಡು ಅವಕಾಶಗಳಾದರೂ ಉಳಿದಿವೆ. 2023ರ ಜನವರಿಯಿಂದ ಈ ಶಿಷ್ಯವೇತನ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ನಾನು ಮೊದಲ ತಿಂಗಳ ಹಣ ತೆಗೆದು ಅಪ್ಪನ ಕೈಗಿಟ್ಟ ದಿನದಿಂದ ನಮ್ಮ ಮನೆಯಲ್ಲಿ ‘ಇನ್ನೇನು ಓದು’ ಎಂಬ ಮಾತು ನಿಂತಿತು. ಅತಿಥಿ ಉಪನ್ಯಾಸಕಿಯ ಕೆಲಸ ಬಿಡಬೇಕಾಗುತ್ತದೆ, ಅದು ನಿಜ. ಕೆಲಸ ಬಿಡಲಾರೆ ಎಂದರೆ ಅರೆಕಾಲಿಕ ನೋಂದಣಿಗೂ ಅವಕಾಶವಿದೆ. ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ಬೇಕು, ಶಿಷ್ಯವೇತನ ಇರುವುದಿಲ್ಲ.

2024ರಿಂದ ನೆಟ್ ಫಲಿತಾಂಶದಲ್ಲಿ ‘ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ’ ಎಂಬ ವರ್ಗವೂ ಸೇರಿದೆ. ಜೆ.ಆರ್.ಎಫ್. ತಪ್ಪಿದರೂ ಆ ಅಂಕ ಒಂದು ವರ್ಷ ಕೆಲಸಕ್ಕೆ ಬರುತ್ತದೆ. ಆ ದಾರಿಯಲ್ಲಿ ಪರೀಕ್ಷೆಗೆ 70, ಸಂದರ್ಶನಕ್ಕೆ 30ರ ತೂಕ.

ಕಷ್ಟ ಇರುವುದು ಭಾಷೆಯಲ್ಲಿ. ನಾನು ಎಂ.ಎ.ವರೆಗೂ ಕನ್ನಡದಲ್ಲೇ ಓದಿದವಳು. ನೆಟ್‌ನಲ್ಲಿ ಸಮಾಜಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಮೊದಲ ಸಲ ಪ್ರಶ್ನೆ ಅರ್ಥವಾಗದೆಯೇ ಸೋತೆ, ಉತ್ತರ ಗೊತ್ತಿಲ್ಲದೆ ಅಲ್ಲ. ಆಮೇಲೆ ಹಳೆಯ ಪ್ರಶ್ನೆಪತ್ರಿಕೆಗಳಿಂದ ಪದಗಳನ್ನು ಆರಿಸಿ, ಎದುರಿಗೆ ಕನ್ನಡ ಬರೆದು, ದಿನಕ್ಕೆ ಇಪ್ಪತ್ತರಂತೆ ಬಸ್ಸಿನಲ್ಲಿ ಓದಿದೆ. ಆರು ತಿಂಗಳಲ್ಲಿ ಎರಡು ನೋಟ್‌ಬುಕ್ ತುಂಬಿದವು. ಅವು ನನ್ನ ಬಳಿ ಹಾಗೆಯೇ ಇವೆ. ಪತ್ರಿಕೆಯ ಮೂಲಕ ವಿಳಾಸ ತಿಳಿಸಿದರೆ ನೆರಳಚ್ಚು ಮಾಡಿ ಕಳುಹಿಸುತ್ತೇನೆ.

— ಸಂಶೋಧನಾ ವಿದ್ಯಾರ್ಥಿನಿ, ಜಮಖಂಡಿ

*

ನಾನು ಪಿಎಚ್‌.ಡಿ. ಅರ್ಧಕ್ಕೆ ಬಿಟ್ಟವಳು. ಬಿಟ್ಟವರ ಮಾತನ್ನೂ ಕೇಳಬೇಕು ಎಂದು ಬರೆಯುತ್ತಿದ್ದೇನೆ.

ನನ್ನ ಗೈಡ್ ಹೆಸರಾಂತರು. ಮೂರು ವರ್ಷದಲ್ಲಿ ನನ್ನ ಬರಹದ ಒಂದು ಪುಟವನ್ನೂ ಓದಲಿಲ್ಲ. ಅವರ ಉತ್ತರಪತ್ರಿಕೆಗಳನ್ನು ನಾನು ತಿದ್ದಿದೆ, ಅವರ ಬಡ್ತಿಯ ಅರ್ಜಿ ತುಂಬಿದೆ, ಅವರ ಮಗಳ ಮದುವೆಯ ಆಮಂತ್ರಣಗಳನ್ನು ಹಂಚಿದೆ. ನಾನು ಬರೆದ ಲೇಖನ ಅಚ್ಚಾದಾಗ ಮೊದಲ ಹೆಸರು ಅವರದಾಗಿತ್ತು. ಬೇರೆ ಗೈಡ್ ಕೊಡಿ ಎಂದು ಬರೆದು ಕೊಡುವ ಧೈರ್ಯ ಬರಲಿಲ್ಲ, ಹೀಗೆ ಕೇಳಬಹುದು ಎಂದು ಹೇಳುವವರೂ ಇರಲಿಲ್ಲ. ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸುವಾಗ ನನ್ನ ಕಷ್ಟವನ್ನು ಅಲ್ಲಿಯೇ ಹೇಳಬಹುದಿತ್ತು ಎಂಬುದು ತಿಳಿದದ್ದು ಎಲ್ಲ ಬಿಟ್ಟ ಮೇಲೆ. ನನ್ನ ಜೊತೆಯ ಇನ್ನೊಬ್ಬಳಿಗೆ ಇದಕ್ಕಿಂತ ಕೆಟ್ಟ ಅನುಭವವಾಯಿತು. ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆಯಂತೆ ಪ್ರತಿ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಸೇರಿದ ದಿನವೇ ಅದರ ಸದಸ್ಯರು ಯಾರೆಂದು ನೋಡಿಕೊಳ್ಳಿ. ಬೇಕಾಗದೆ ಇರಲಿ, ಆದರೆ ತಿಳಿದಿರಲಿ.

ಗೈಡ್ ಒಪ್ಪಿದ ಕೂಡಲೇ ಕುಣಿದಾಡಬೇಡಿ. ‘ಶೋಧಗಂಗಾ’ ಜಾಲತಾಣದಲ್ಲಿ ಅವರ ಕೈಕೆಳಗೆ ಮುಗಿದ ಪ್ರಬಂಧಗಳನ್ನು ಹುಡುಕಿ, ಅದಕ್ಕೆ ಹಣ ಬೇಕಿಲ್ಲ. ನೋಂದಣಿ ಯಾವ ವರ್ಷ, ಸಲ್ಲಿಕೆ ಯಾವ ವರ್ಷ ನೋಡಿ. ಹೆಣ್ಣುಮಕ್ಕಳು ಎಷ್ಟು ಜನ ಮುಗಿಸಿದ್ದಾರೆ ಎಣಿಸಿ. ಕೃತಜ್ಞತೆಯ ಪುಟವನ್ನು ತಪ್ಪದೆ ಓದಿ. ‘ತಿದ್ದಿ ಕೊಟ್ಟರು’, ‘ಕ್ಷೇತ್ರಕಾರ್ಯಕ್ಕೆ ಜೊತೆಗೆ ಬಂದರು’ ಎಂದು ಬರೆದ ಪುಟಕ್ಕೂ ಬರೀ ಬಿರುದುಗಳಿಂದ ತುಂಬಿದ ಪುಟಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಆಮೇಲೆ ಅವರಲ್ಲಿ ಒಬ್ಬಳನ್ನು ಹುಡುಕಿ ಮಾತನಾಡಿ. ‘ಸರ್ ಹೇಗೆ?’ ಎಂದು ಕೇಳಿದರೆ ‘ಒಳ್ಳೆಯವರು’ ಎಂದೇ ಉತ್ತರ ಬರುತ್ತದೆ. ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ತಿರುಗಿ ಬರುತ್ತಿತ್ತು ಎಂದು ಕೇಳಿ.

ಇನ್ನೊಂದು ಮಾತು. ಸಹಾಯಕ ಪ್ರಾಧ್ಯಾಪಕಿಯಾಗುವುದಷ್ಟೇ ಗುರಿಯಾದರೆ ಪಿಎಚ್‌.ಡಿ. ಕಡ್ಡಾಯವಲ್ಲ. 2023ರ ಜುಲೈ 1ರಿಂದ ನೇರ ನೇಮಕಕ್ಕೆ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಸೆಟ್ ಕನಿಷ್ಠ ಅರ್ಹತೆ ಎಂದು ಯುಜಿಸಿ ಹೇಳಿದೆ. ನಿಮ್ಮ ಪತ್ರ ಓದಿದರೆ ನೀವು ನೌಕರಿಗಾಗಿ ಹೊರಟವರಂತೆ ಕಾಣುವುದಿಲ್ಲ. ಆದರೂ ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ. ನಾನು ಆ ಪ್ರಶ್ನೆ ಕೇಳಿಕೊಳ್ಳದೆ ಸೇರಿದ್ದೆ.

— ಓದುಗರು, ಬೆಳಗಾವಿ

*

ಮೊದಲ ಪತ್ರದ ಪ್ರಾಧ್ಯಾಪಕಿ ಹೇಳುವ ಹುಡುಗಿಯರ ಪೈಕಿ ನಾನೂ ಒಬ್ಬಳು ಎಂದು ಹೇಳಿಕೊಳ್ಳಬಹುದು, ಏಕೆಂದರೆ ಅವರೇ ನನಗೆ ನಿಮ್ಮ ಪತ್ರ ತೋರಿಸಿದ್ದು. ನಾವು ಐದು ಜನ, ಎರಡನೆಯ ಶನಿವಾರ ವಿಜಯಪುರದಲ್ಲಿ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಇಬ್ಬರು ಪಿಎಚ್‌.ಡಿ. ಆರಂಭದ ತರಗತಿಗಳಾದ ಕೋರ್ಸ್‌ವರ್ಕ್‌ನಲ್ಲಿದ್ದಾರೆ, ಒಬ್ಬರು ಮೌಖಿಕ ಪರೀಕ್ಷೆಗೆ ಕಾಯುತ್ತಿದ್ದಾರೆ. ಒಬ್ಬರು ಬರೆದದ್ದನ್ನು ಉಳಿದವರು ಓದಿ ಹೇಳುವುದು, ಅಷ್ಟೇ. ನೋಂದಣಿಯಾಗದವರೂ ಬರಬಹುದು. ನಿಮ್ಮ ಸಂಶೋಧನಾ ಪ್ರಸ್ತಾವನೆ ಎರಡೇ ಪುಟವಿದ್ದರೂ ತನ್ನಿ. ಮಗಳನ್ನೂ ಕರೆತನ್ನಿ. ಅಲ್ಲಿ ನಮ್ಮ ಮಕ್ಕಳು ಮೂವರು ಇರುತ್ತಾರೆ.

— ಸಂಶೋಧಕಿ, ವಿಜಯಪುರ

*

ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಬರೆಯುತ್ತಿದ್ದಾಳೆ.

ತಾಯಿ, ನಮ್ಮ ಊರೂ ಹಿನ್ನೀರಿಗೆ ಹೋಯಿತು. ಪರಿಹಾರ ಬಂದಾಗ ಕಾಗದಕ್ಕೆ ಸಹಿ ಹಾಕಿದವರು ನಮ್ಮ ಮಾವ. ಎಷ್ಟು ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮನೆಯ ಮುಂದಿನ ಬೇವಿನ ಮರಕ್ಕೂ ಬೆಲೆ ಕಟ್ಟಿದರು ಎಂದು ಕೇಳಿದ್ದೆ. ನಾನು ಸಾಕಿದ ಎಮ್ಮೆಗಳಿಗೆ ಇಲ್ಲಿ ಮೇವಿರಲಿಲ್ಲ, ಒಂದೊಂದಾಗಿ ಮಾರಿದೆವು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಪಟ್ಟಿ ಹಿಡಿದುಕೊಂಡು ಬಂದ ಸಾಹೇಬರೆಲ್ಲ ಗಂಡಸರನ್ನು ಕೇಳಿ ಬರೆದುಕೊಂಡು ಹೋದರು. ನಮ್ಮನ್ನು ಕೇಳುವುದಕ್ಕೆ ಒಬ್ಬ ಹೆಣ್ಣುಮಗಳು ಇಷ್ಟು ಓದಬೇಕಾಗುತ್ತದೆ ಎಂದರೆ ಓದಲಿ.

ನಿಮ್ಮ ಅತ್ತೆಯವರ ಊರು ಯಾವುದು ಎಂದು ನೀವು ಬರೆದಿಲ್ಲ. ಅವರೂ ಇದೇ ನೀರಿನಿಂದ ಎದ್ದು ಬಂದವರಾದರೆ ಮೊದಲು ಅವರನ್ನೇ ಕೂರಿಸಿಕೊಂಡು ಕೇಳಿ. ಸೊಸೆ ಬರೆದುಕೊಳ್ಳಲು ಕುಳಿತರೆ ಯಾವ ಅತ್ತೆ ಸುಮ್ಮನಿರುತ್ತಾಳೆ?

ಆಮೇಲೆ ನಮ್ಮ ಪುನರ್ವಸತಿ ಕೇಂದ್ರಕ್ಕೆ ಬನ್ನಿ. ನನ್ನ ಓಣಿಯಲ್ಲಿ ಹಳೆಯ ಊರು ಕಂಡ ಹೆಂಗಸರು ಇನ್ನೂ ಏಳು ಜನ ಇದ್ದೇವೆ. ಮಧ್ಯಾಹ್ನ ಎರಡರ ನಂತರ ಬನ್ನಿ, ಅಷ್ಟರಲ್ಲಿ ರೊಟ್ಟಿ ಬಡಿದು ಎಲ್ಲರ ಊಟ ಮುಗಿದಿರುತ್ತದೆ.

— ಅಜ್ಜಿ, ಬೀಳಗಿ ತಾಲ್ಲೂಕು