ಬ್ರಹ್ಮೋಸ್ ಇದ್ದ ಮೇಲೆ ನಿರ್ಭಯ್ ಯಾಕೆ ಬೇಕಿತ್ತು?

ದಾವಣಗೆರೆ ಡಿಪ್ಲೊಮಾ:
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ಸೆಮಿನಾರ್‌ಗೆ ನಿರ್ಭಯ್ ಕ್ರೂಸ್ ಕ್ಷಿಪಣಿಯನ್ನು ಆರಿಸಿಕೊಂಡಿದ್ದೇನೆ. ಓದುತ್ತಾ ಹೋದ ಹಾಗೆ ಒಂದು ವಿಷಯ ಬಗೆಹರಿಯುತ್ತಿಲ್ಲ. ಬ್ರಹ್ಮೋಸ್ ಕ್ಷಿಪಣಿ ಮ್ಯಾಕ್ 2.8 ವೇಗದಲ್ಲಿ, ಅಂದರೆ ಶಬ್ದದ ವೇಗದ 2.8 ಪಟ್ಟು ವೇಗದಲ್ಲಿ ಹೋಗುತ್ತದೆ. ನಿರ್ಭಯ್ ಬರೀ 0.7. ನಾವು ಕೂತು ಹೋಗುವ ವಿಮಾನಕ್ಕಿಂತಲೂ ನಿಧಾನ. ಇಷ್ಟು ನಿಧಾನ ಇದ್ದರೆ ರಾಡಾರ್ ಸುಲಭವಾಗಿ ಹಿಡಿಯುವುದಿಲ್ವಾ? ಅದೂ ಅಲ್ಲದೆ 2013, 2015, 2016, 2020ರಲ್ಲಿ ಪರೀಕ್ಷೆ ಅರ್ಧಕ್ಕೇ ನಿಂತಿದೆ. ಆದರೂ ಯಾಕೆ ಕೈಬಿಡಲಿಲ್ಲ? ಗೊತ್ತಿರುವವರು ಬಿಡಿಸಿ ಹೇಳಿ.

ಪೀಣ್ಯ ಮೆಷಿನಿಸ್ಟ್:
ಒಳ್ಳೆಯ ವಿಷಯ ಆರಿಸಿದ್ದೀರಿ. ನಾನು ಈ ಕ್ಷಿಪಣಿಗೆ ಕೆಲಸ ಮಾಡಿದವನಲ್ಲ. ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಮೇಲೆ ಇನ್ಕೊನೆಲ್‌ನಂಥ ಗಟ್ಟಿ ನಿಕಲ್ ಮಿಶ್ರಲೋಹ ಕೊರೆಯುವುದು ನನ್ನ ಕಸುಬು. ಆ ಕಡೆಯಿಂದ ನೋಡಿ ಹೇಳುತ್ತೇನೆ.

ಮೊದಲು ರಾಡಾರ್ ಮಾತು. ರಾಡಾರ್ ನೇರ ಗೆರೆಯಲ್ಲಿ ನೋಡುತ್ತದೆ, ಭೂಮಿ ಗುಂಡಗಿದೆ. 20 ಮೀಟರ್ ಎತ್ತರದ ಕಂಬದ ಮೇಲೆ ರಾಡಾರ್ ಇದೆ ಅಂದುಕೊಳ್ಳಿ. 10 ಕಿಲೋಮೀಟರ್ ಎತ್ತರದಲ್ಲಿ ಬರುವ ವಸ್ತು ಅದಕ್ಕೆ ಸುಮಾರು 430 ಕಿಲೋಮೀಟರ್ ದೂರದಲ್ಲೇ ಕಾಣಬಹುದು. ಅದೇ ವಸ್ತು ನೆಲದಿಂದ 50 ಮೀಟರ್ ಎತ್ತರದಲ್ಲಿ ಬಂದರೆ 47 ಕಿಲೋಮೀಟರ್ ಹತ್ತಿರಕ್ಕೆ ಬರುವ ತನಕ ಕಾಣುವುದೇ ಇಲ್ಲ. 0.7 ಮ್ಯಾಕ್ ಅಂದರೆ ನಿಮಿಷಕ್ಕೆ ಸುಮಾರು 14 ಕಿಲೋಮೀಟರ್. ಕಾಣಿಸಿದ ಮೇಲೆ ಎದುರಾಳಿಗೆ ಉಳಿಯುವುದು ಮೂರು ನಿಮಿಷ ಚಿಲ್ಲರೆ. ನಡುವೆ ಗುಡ್ಡ ಇದ್ದರೆ ಅದೂ ಇಲ್ಲ. ಈ ಲೆಕ್ಕವನ್ನು ನಿಮ್ಮ ಸೆಮಿನಾರ್‌ನಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿ.

ಬ್ರಹ್ಮೋಸ್ ದಾರಿಯೇ ಬೇರೆ. ಅದರದು ರ‍್ಯಾಮ್‌ಜೆಟ್. ಮುನ್ನುಗ್ಗುವ ವೇಗದಿಂದಲೇ ಗಾಳಿಯನ್ನು ಒತ್ತಿ ಇಂಧನ ಸುಡುವ ಎಂಜಿನ್ ಅದು. 15 ಕಿಲೋಮೀಟರ್ ಎತ್ತರದ ತನಕ ಏರಿ ಸಾಗುತ್ತದೆ, ಗುರಿ ಹತ್ತಿರ ಬಂದಾಗ ಕೆಳಗಿಳಿಯುತ್ತದೆ. ಆ ವೇಗಕ್ಕೆ ಇಂಧನ ಜಾಸ್ತಿ ಸುಡಬೇಕು. ಹಾಗಾಗಿ ಸುಮಾರು ಮೂರು ಟನ್ ತೂಗಿದರೂ ಮೊದಲ ಬ್ರಹ್ಮೋಸ್ ವ್ಯಾಪ್ತಿ 290 ಕಿಲೋಮೀಟರ್ ಇತ್ತು. (300 ದಾಟದಿರಲು ಅಂತರರಾಷ್ಟ್ರೀಯ ಕ್ಷಿಪಣಿ ನಿಯಮವೂ ಒಂದು ಕಾರಣ. ಭಾರತ 2016ರಲ್ಲಿ ಆ ನಿಯಮ ಪಾಲಿಸುವ ದೇಶಗಳ ಕೂಟ ಸೇರಿದ ಮೇಲೆ ವ್ಯಾಪ್ತಿ ಹೆಚ್ಚಿಸಿದರು.) ನಿರ್ಭಯ್ ತೂಕ ಸುಮಾರು ಒಂದೂವರೆ ಟನ್, ಉದ್ದ ಆರು ಮೀಟರ್. ಅಷ್ಟರಲ್ಲೇ 1000 ಕಿಲೋಮೀಟರ್ ಹೋಗುತ್ತದೆ. ಅದರ ಟರ್ಬೊಫ್ಯಾನ್ (ಮುಂದೆ ಫ್ಯಾನ್ ಇರುವ ಜೆಟ್ ಎಂಜಿನ್) ಅಷ್ಟು ಮಿತವಾಗಿ ಇಂಧನ ಬಳಸುತ್ತದೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಇನ್ನು ಸೋಲುಗಳು. ನಿರ್ಭಯ್ ನಿಜಕ್ಕೂ ಪೈಲಟ್ ಇಲ್ಲದ ಪುಟ್ಟ ವಿಮಾನ. ಅದನ್ನು ಮಾಡಿದ್ದೂ ಡಿಆರ್‌ಡಿಒದ (ರಕ್ಷಣಾ ಸಂಶೋಧನಾ ಸಂಸ್ಥೆ) ಬೆಂಗಳೂರಿನ ಪ್ರಯೋಗಾಲಯ ಎಡಿಇ, ಮೊದಲೇ ಲಕ್ಷ್ಯ ಎಂಬ ಪೈಲಟ್‌ರಹಿತ ವಿಮಾನ ಮಾಡಿದ ಸಂಸ್ಥೆ. ಮೊದಲು ಘನ ಇಂಧನದ ಬೂಸ್ಟರ್ ಅದನ್ನು ಮೇಲಕ್ಕೆ ಎತ್ತಬೇಕು. ಬೂಸ್ಟರ್ ಕಳಚಿ ಬೀಳಬೇಕು. ಮಡಚಿಟ್ಟ ರೆಕ್ಕೆ ಬಿಚ್ಚಿಕೊಳ್ಳಬೇಕು. ಗಾಳಿಯಲ್ಲೇ ಎಂಜಿನ್ ಹೊತ್ತಿಕೊಳ್ಳಬೇಕು. ಇವಿಷ್ಟೂ ಉಡಾವಣೆಯ ಮೊದಲ ಕೆಲವೇ ಕ್ಷಣಗಳಲ್ಲಿ ಮುಗಿಯಬೇಕು, ಒಂದು ತಪ್ಪಿದರೂ ಕಥೆ ಮುಗಿಯಿತು. ಆಮೇಲೆ ಒಂದು ಗಂಟೆಗೂ ಮೇಲೆ ಯಾರ ಕೈಯೂ ಇಲ್ಲದೆ ದಾರಿ ಹಿಡಿಯಬೇಕು. 2013ರ ಮಾರ್ಚ್ 12ರಂದು ಮೊದಲ ಸಲ ಹಾರಿಸಿದಾಗ ದಾರಿ ಬಿಟ್ಟು ಸರಿಯಿತು, ಸುರಕ್ಷತೆಗಾಗಿ ನಡುವೆಯೇ ನಿಲ್ಲಿಸಿದರು. 2014ರ ಅಕ್ಟೋಬರ್ 17ರಂದು 1000 ಕಿಲೋಮೀಟರ್‌ಗಿಂತ ಜಾಸ್ತಿ ಹಾರಿತು. 2015, 2016ರಲ್ಲಿ ಮತ್ತೆ ಪೆಟ್ಟು. 2017ರ ನವೆಂಬರ್ 7ರಂದು 50 ನಿಮಿಷ ಹಾರಿ 647 ಕಿಲೋಮೀಟರ್ ಕ್ರಮಿಸಿತು. ಯೋಜನೆ ಮುಚ್ಚಿಯೇ ಬಿಡುತ್ತಾರೆ ಅಂತ ಜನ ಮಾತಾಡುತ್ತಿದ್ದ ಕಾಲ ಅದು. ಆಗಲೇ ಕೈಬಿಟ್ಟಿದ್ದರೆ ಅಷ್ಟು ವರ್ಷ ಕಲಿತದ್ದೆಲ್ಲ ಕಡತದಲ್ಲೇ ಉಳಿಯುತ್ತಿತ್ತು.

ಬಾಲಸೋರ್ ಕನ್ನಡಿಗ:
ಬ್ಯಾಂಕ್ ಕೆಲಸದ ಮೇಲೆ ಇಲ್ಲೇ ಒಡಿಶಾದ ಬಾಲಸೋರ್‌ನಲ್ಲಿ ಇದ್ದೇನೆ. ಪರೀಕ್ಷೆ ನಡೆಯುವ ಚಾಂದೀಪುರ ನಮ್ಮ ಊರಿನ ಪಕ್ಕದಲ್ಲೇ. ಸಮುದ್ರ ಇಳಿತದ ಹೊತ್ತಿಗೆ ಕಿಲೋಮೀಟರ್‌ಗಟ್ಟಲೆ ಹಿಂದಕ್ಕೆ ಹೋಗುವ ತೀರ ಇದು. ಪರೀಕ್ಷೆಯ ದಿನ ಉಡಾವಣಾ ಜಾಗದ ಸುತ್ತಲಿನ ಹಳ್ಳಿಗಳ ಜನರನ್ನು ಸ್ವಲ್ಪ ಹೊತ್ತು ಬೇರೆ ಕಡೆ ಕಳಿಸುತ್ತಾರೆ, ಪರಿಹಾರದ ಹಣವನ್ನೂ ಕೊಡುತ್ತಾರೆ. ಮೀನುಗಾರರು ಆ ದಿನ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಸೆಮಿನಾರ್‌ನಲ್ಲಿ ಈ ಜನರ ಬಗ್ಗೆಯೂ ಒಂದು ಮಾತು ಹೇಳಿ. ಅವರು ಮನೆ ಬಿಟ್ಟು ಕೂತರೇನೇ ಪರೀಕ್ಷೆ ನಡೆಯುವುದು.

ದಾವಣಗೆರೆ ಡಿಪ್ಲೊಮಾ:
ಇಬ್ಬರಿಗೂ ತುಂಬಾ ಧನ್ಯವಾದ. ಪೀಣ್ಯದ ಸರ್, ಇನ್ನೊಂದು ಪ್ರಶ್ನೆ. ಮೊದಲ ಪರೀಕ್ಷೆಗಳಲ್ಲಿ ರಷ್ಯಾದ ಎಂಜಿನ್ ಹಾಕಿದ್ದರಂತೆ. ಅದು ಚೆನ್ನಾಗಿಯೇ ಇದ್ದರೆ ನಮ್ಮ ದೇಶದಲ್ಲೇ ಮಾಡಿದ ಮಾಣಿಕ್ ಎಂಜಿನ್ ಯಾಕೆ ಬೇಕಾಯಿತು? ಅಷ್ಟು ಚಿಕ್ಕ ಎಂಜಿನ್ ಮಾಡುವುದು ಸುಲಭ ಅಲ್ವಾ?

ಪೀಣ್ಯ ಮೆಷಿನಿಸ್ಟ್:
ನಿಮ್ಮ ಸೆಮಿನಾರ್‌ನ ತಿರುಳೇ ಈ ಪ್ರಶ್ನೆ. ಚಿಕ್ಕದಾದಷ್ಟೂ ಕಷ್ಟ. ಟರ್ಬೈನ್ ಬ್ಲೇಡ್ ತುದಿಗೂ ಅದರ ಸುತ್ತಲಿನ ಕೇಸಿಂಗ್‌ಗೂ ನಡುವೆ ಒಂದು ಗ್ಯಾಪ್ ಇರಲೇಬೇಕು. ಇಲ್ಲದಿದ್ದರೆ ಬಿಸಿಗೆ ಹಿಗ್ಗಿ ಉಜ್ಜುತ್ತದೆ. ದೊಡ್ಡ ಎಂಜಿನ್‌ನ ಉದ್ದ ಬ್ಲೇಡ್‌ಗೆ ಅರ್ಧ ಮಿಲಿಮೀಟರ್ ಗ್ಯಾಪ್‌ನಿಂದ ಆಗುವ ನಷ್ಟ ಕಡಿಮೆ. ಕೆಲವೇ ಸೆಂಟಿಮೀಟರ್ ಉದ್ದದ ಬ್ಲೇಡ್‌ಗೆ ಅಷ್ಟೇ ಗ್ಯಾಪ್ ಬಿಟ್ಟರೆ ಗ್ಯಾಸ್ ಅಲ್ಲೇ ಸೋರಿ ಶಕ್ತಿ ಹಾಳಾಗುತ್ತದೆ. ಅದರ ಮೇಲೆ ಚಿಕ್ಕ ಎಂಜಿನ್ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗಬೇಕು. ತೂಕದಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಬೇರಿಂಗ್ ತಡೆಯುವುದಿಲ್ಲ. ಇನ್ಕೊನೆಲ್ ಕೊರೆಯುವಾಗ ಇನ್ಸರ್ಟ್ (ಕೊರೆಯುವ ಉಪಕರಣದ ತುದಿ) ಎಷ್ಟು ಬೇಗ ಸವೆಯುತ್ತದೆ ಅಂತ ನಿಮ್ಮ ವರ್ಕ್‌ಶಾಪ್ ಮೇಷ್ಟ್ರನ್ನು ಕೇಳಿ ನೋಡಿ. ಅಂಥ ಲೋಹದಲ್ಲಿ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕದ ಟಾಲರೆನ್ಸ್, ಅಂದರೆ ಅಳತೆಯ ಮಿತಿ, ಹಿಡಿಯಬೇಕು, ಅದೂ ಪ್ರತಿ ಪೀಸಿಗೂ ಒಂದೇ ಸಮ.

ಹೊರಗಿನಿಂದ ಎಂಜಿನ್ ತಂದರೆ ಎಷ್ಟು ಕ್ಷಿಪಣಿ ಮಾಡಬೇಕು ಅನ್ನುವುದನ್ನು ಮಾರುವವರು ತೀರ್ಮಾನಿಸುತ್ತಾರೆ. ಕ್ರೂಸ್ ಕ್ಷಿಪಣಿಯ ಎಂಜಿನ್ ಹಾರಿದ ದಿನವೇ ಮುಗಿಯಿತು, ಮತ್ತೆ ಸಿಗುವುದಿಲ್ಲ. ಪ್ರತಿ ಸಲವೂ ಹೊಸದೇ ಬೇಕು. ಅದಕ್ಕೇ ಬೆಂಗಳೂರಿನ ಸಿ.ವಿ. ರಾಮನ್ ನಗರದ ಜಿಟಿಆರ್‌ಇ (ಡಿಆರ್‌ಡಿಒದ ಟರ್ಬೈನ್ ಎಂಜಿನ್ ಪ್ರಯೋಗಾಲಯ) ಮಾಣಿಕ್ ಮಾಡಿದ್ದು. 2024ರ ಏಪ್ರಿಲ್ 18ರಂದು ಚಾಂದೀಪುರದಲ್ಲಿ ಹಾರಿದ ಕ್ಷಿಪಣಿಯಲ್ಲಿ ಇದ್ದದ್ದು ಜಿಟಿಆರ್‌ಇ ಎಂಜಿನ್ನೇ. ಸಮುದ್ರದ ಮೇಲೆ ತೀರಾ ಕೆಳಗೆ ಹಾರಿತು, ಕೊಟ್ಟ ತಿರುವುಗಳನ್ನೆಲ್ಲ ಹಿಡಿಯಿತು. ವಾಯುಪಡೆಯ ಸುಖೋಯ್-30 ವಿಮಾನವೂ ಮೇಲಿನಿಂದ ಅದರ ಮೇಲೆ ಕಣ್ಣಿಟ್ಟಿತ್ತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಮುಖ್ಯವಾದ ದಿನ ಅದು, 2014ರ ಗೆಲುವಿಗಿಂತಲೂ ದೊಡ್ಡದು.

ಅದೇ ವರ್ಷ ನವೆಂಬರ್ 12ರಂದು ನಿರ್ಭಯ್‌ನಿಂದಲೇ ಬೆಳೆದ, ನೆಲದ ಗುರಿಗಳಿಗೆ ಹೊಡೆಯುವ ದೂರವ್ಯಾಪ್ತಿ ಕ್ರೂಸ್ ಕ್ಷಿಪಣಿಯನ್ನು ಟ್ರಕ್ ಮೇಲಿನ ಲಾಂಚರ್‌ನಿಂದ ಮೊದಲ ಸಲ ಹಾರಿಸಿದರು. ಅದೂ ಎಡಿಇ ಕೆಲಸವೇ. ಅಭಿವೃದ್ಧಿಗೂ ಉತ್ಪಾದನೆಗೂ ಹೈದರಾಬಾದಿನ ಭಾರತ್ ಡೈನಮಿಕ್ಸ್ ಮತ್ತು ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕೈಜೋಡಿಸಿವೆ. ಮುಂದೆ ನೌಕಾಪಡೆಯ ಹಡಗುಗಳ ಲಂಬ ಲಾಂಚರ್‌ನಿಂದಲೂ ಹಾರಿಸುವ ಹಾಗೆ ರೂಪಿಸಿದ್ದಾರೆ. ನಿಮ್ಮ ಸೆಮಿನಾರ್‌ನಲ್ಲಿ ಸಮಯ ಕಡಿಮೆ ಇದ್ದರೆ ಇತಿಹಾಸವನ್ನು ಎರಡು ಸ್ಲೈಡಿಗೆ ಇಳಿಸಿ, ಉಳಿದದ್ದೆಲ್ಲ ಎಂಜಿನ್‌ಗೆ ಕೊಡಿ. ಬ್ಲೇಡ್ ಡ್ರಾಯಿಂಗ್ ಓದುವುದರಲ್ಲಿ ಏನಾದರೂ ತೊಡಕಾದರೆ ಇಲ್ಲೇ ಕೇಳಿ, ಸಂಜೆ ಶಿಫ್ಟ್ ಮುಗಿದ ಮೇಲೆ ನೋಡಿ ಉತ್ತರ ಬರೆಯುತ್ತೇನೆ.