ಹುಬ್ಬಳ್ಳಿಯಿಂದ ಭೂಮಿಯ ಆಚೆಗೆ ಕೊರೆದ ರಂಧ್ರದೊಳಗೆ ಬಿದ್ದರೆ 42 ನಿಮಿಷವೇ?

ಉಣಕಲ್: ಹುಬ್ಬಳ್ಳಿಯಿಂದ ಭೂಮಿಯ ಕೇಂದ್ರದ ಮೂಲಕ ಆಚೆಯ ತುದಿಗೆ ನೇರ ರಂಧ್ರ ಕೊರೆದು, ಒಳಗಿನ ಗಾಳಿಯನ್ನೆಲ್ಲ ತೆಗೆದರೆ, ಅದರಲ್ಲಿ ಬಿದ್ದವನು ಸೆಕೆಂಡಿಗೆ ಸುಮಾರು 7.9 ಕಿ.ಮೀ. ವೇಗದಲ್ಲಿ ಕೇಂದ್ರವನ್ನು ದಾಟಿ, 42 ನಿಮಿಷಕ್ಕೆ ಆಚೆಯ ಬಾಯಿ ಮುಟ್ಟಿ, ಮತ್ತೆ ಇತ್ತ ಬೀಳುತ್ತಾನೆ. ಇದು ಇತ್ಯರ್ಥವಾದ ಲೆಕ್ಕ.

ಸಾಧನಕೇರಿ: 'ಇತ್ಯರ್ಥವಾದ' ಎಂಬ ಮಾತನ್ನು ನಾನು ಒಪ್ಪಲಾರೆ. ಭೂಮಿಯ ಸಾಂದ್ರತೆ ಎಲ್ಲೆಡೆ ಒಂದೇ ಎಂದು ಹಿಡಿದರೆ ಮಾತ್ರ 42 ನಿಮಿಷ ಬರುತ್ತದೆ. ತಿರುಳಿನಲ್ಲಿ ದಟ್ಟವಾದ ಕಬ್ಬಿಣವಿರುವುದರಿಂದ, ಸುಮಾರು 2,900 ಕಿ.ಮೀ. ಆಳದವರೆಗೂ ಗುರುತ್ವವು ಕುಗ್ಗದೆ ಹೆಚ್ಚುಕಡಿಮೆ ಮೇಲಿನಷ್ಟೇ ಇರುತ್ತದೆ. ಭೂಕಂಪದ ಅಲೆಗಳಿಂದ ತಿಳಿದುಬಂದ ಸಾಂದ್ರತೆಯನ್ನು ಬಳಸಿ 2015ರಲ್ಲಿ ಅಲೆಕ್ಸಾಂಡರ್ ಕ್ಲಾಟ್ಸ್ ಲೆಕ್ಕ ಹಾಕಿದಾಗ 38 ನಿಮಿಷ 11 ಸೆಕೆಂಡ್ ಬಂದಿದೆ.

ವರದಾತೀರ: ಮೊದಲು 'ಕೊರೆದು' ಎಂಬ ಮಾತನ್ನು ನೋಡಿರಿ. ರಷ್ಯಾದ ಕೋಲಾದಲ್ಲಿ 1970ರಿಂದ ಕೊರೆದರೂ ತಲುಪಿದ್ದು 12,262 ಮೀಟರ್. ಅಲ್ಲಿಯೇ 180 ಡಿಗ್ರಿ ಶಾಖವಿತ್ತು. ಕೇಂದ್ರವಿರುವುದು 6,371 ಕಿ.ಮೀ. ಕೆಳಗೆ.

ಕಪ್ಪತಗುಡ್ಡ: ಕೊರೆಯುವುದು ಹಾಗಿರಲಿ, 'ನೇರ' ಎಂದರೇನು? ಹುಬ್ಬಳ್ಳಿಯ ನೆಲ ಸೆಕೆಂಡಿಗೆ ಸುಮಾರು 450 ಮೀಟರಿನಂತೆ ಪೂರ್ವಕ್ಕೆ ಸಾಗುತ್ತಿದೆ, ಕೇಂದ್ರ ಸಾಗುತ್ತಿಲ್ಲ. ಬಿದ್ದವನು ಮೇಲಿನ ವೇಗವನ್ನು ಉಳಿಸಿಕೊಂಡು ಪೂರ್ವದ ಗೋಡೆಗೆ ಅಪ್ಪಳಿಸುತ್ತಾನೆ. ಗದಗ ಜಿಲ್ಲೆಯ ನಮ್ಮ ಹೊಲದ ಬಾವಿಯಲ್ಲಿ ನೀರು 100 ಅಡಿ ಕೆಳಗಿದೆ. ಮೂರು ಸಲ ಕಲ್ಲು ಬಿಟ್ಟೆ, ಮೂರೂ ಪೂರ್ವದ ಗೋಡೆಗೇ ತಾಗಿದವು. ಅಲ್ಲಿ ಹಾವಸೆ ಕೆತ್ತಿಹೋದ ಗುರುತು ಈಗಲೂ ಇದೆ.

ಉಣಕಲ್: ತಮ್ಮ ಬಾವಿಯ ಮಾತು ತಪ್ಪು. 100 ಅಡಿ ಬೀಳುವಷ್ಟರಲ್ಲಿ ಕಲ್ಲು ಪೂರ್ವಕ್ಕೆ ಸರಿಯುವುದು ಸುಮಾರು ಮೂರೂವರೆ ಮಿಲಿಮೀಟರ್, ಅಂದರೆ ಒಂದು ಜೋಳದ ಕಾಳಿನಷ್ಟು. ಅಷ್ಟಕ್ಕೆ ಗೋಡೆ ಸಿಗುವುದಿಲ್ಲ.

ಕಪ್ಪತಗುಡ್ಡ: ನಾನು ಸುಳ್ಳು ಹೇಳುತ್ತಿದ್ದೇನೆಯೇ? ನಮ್ಮ ತಂದೆಯವರು ತೋಡಿಸಿದ ಬಾವಿ ಅದು. ಅದರ ಒಂದೊಂದು ಕಲ್ಲೂ ನನಗೆ ಗೊತ್ತು.

ಸಾಧನಕೇರಿ: ಸುಳ್ಳೆಂದು ಯಾರೂ ಹೇಳಲಿಲ್ಲ, ಸಿಟ್ಟಾಗಬೇಡಿರಿ. ತಾವು ನಿಂತದ್ದು ಯಾವ ಬದಿಗೆ?

ಕಪ್ಪತಗುಡ್ಡ: ಗಡಗಡಿಯ ಕಂಬದ ಬಳಿ, ಪಶ್ಚಿಮದ ಕಟ್ಟೆಯ ಮೇಲೆ.

ಸಾಧನಕೇರಿ: ಪಶ್ಚಿಮದ ಕಟ್ಟೆಯ ಮೇಲೆ ನಿಂತು ಬಾವಿಯ ಕಡೆಗೆ ಕೈ ಚಾಚಿ ಎಸೆದ ಕಲ್ಲು ಪೂರ್ವಕ್ಕಲ್ಲದೆ ಬೇರೆಲ್ಲಿಗೆ ಹೋದೀತು?

ಕಪ್ಪತಗುಡ್ಡ: 'ಎಸೆದ' ಎನ್ನುವುದು ತಮ್ಮ ಕಲ್ಪನೆ. ನಾನು ಎಸೆಯಲಿಲ್ಲ, ಬಿಟ್ಟೆ!

ವರದಾತೀರ: ಉಣಕಲ್ಲಿನವರೇ, 'ಜೋಳದ ಕಾಳು' ಎಂದು ತಳ್ಳಿಹಾಕಬೇಡಿರಿ. ಆ ಸರಿತ ಕಾಲದ ಘನದಂತೆ ಬೆಳೆಯುತ್ತದೆ. ಒಂದು ಮೀಟರ್ ಅಗಲದ ರಂಧ್ರದ ನಟ್ಟನಡುವೆ ಬಿಟ್ಟ ಕಲ್ಲು ಸುಮಾರು 13 ಸೆಕೆಂಡುಗಳಲ್ಲಿ, 820 ಮೀಟರ್ ಆಳದಲ್ಲಿ ಗೋಡೆಗೆ ತಾಗುತ್ತದೆ. ಆಗ ತಮ್ಮ 42 ನಿಮಿಷ ಎಲ್ಲಿ ಉಳಿಯಿತು?

ಉಣಕಲ್: ಧ್ರುವದಿಂದ ಧ್ರುವಕ್ಕೆ ಕೊರೆದರೆ ಈ ತೊಡಕೇ ಇರುವುದಿಲ್ಲ, ಲೆಕ್ಕ ನಿಲ್ಲುತ್ತದೆ.

ಸಾಧನಕೇರಿ: ಅಲ್ಲಿಯೂ ನಿಲ್ಲುವುದು 38 ನಿಮಿಷ.

ವರದಾತೀರ: ಹುಬ್ಬಳ್ಳಿಯನ್ನು ಬಿಟ್ಟು ಧ್ರುವಕ್ಕೆ ಹೋದಿರಲ್ಲ! ಹುಬ್ಬಳ್ಳಿಯ ನೇರ ಆಚೆ ಬದಿಯಲ್ಲಿರುವುದು ಪೆರುವಿನ ಪಶ್ಚಿಮಕ್ಕೆ ಬಹುದೂರದ ಪೆಸಿಫಿಕ್ ಸಾಗರ. ರಂಧ್ರಕ್ಕೆ ಸಮುದ್ರವೇ ನುಗ್ಗುತ್ತದೆ.

ಉಣಕಲ್: 'ಗಾಳಿಯನ್ನೆಲ್ಲ ತೆಗೆದು' ಎಂದವನಿಗೆ ನೀರನ್ನು ತಡೆದಿದ್ದೇನೆ ಎಂದೂ ಬರೆಯಬೇಕಿತ್ತೇ? ಗಾಳಿಯಿದ್ದರೆ ವೇಗವು ಗಂಟೆಗೆ ಸುಮಾರು 200 ಕಿ.ಮೀ. ದಾಟುವುದಿಲ್ಲ, ಕೆಳಗಿಳಿದಂತೆ ಗಾಳಿ ದಟ್ಟವಾಗಿ ಅದೂ ಕುಗ್ಗುತ್ತದೆ. ಅದಕ್ಕೆಂದೇ ಆ ಷರತ್ತು ಇಟ್ಟೆ.

ಕಪ್ಪತಗುಡ್ಡ: ನನ್ನ ಮಾತು ಬಾವಿಯದು, ಅದಕ್ಕೆ ಉತ್ತರ ಬಂದಿಲ್ಲ. ಬರುವ ರವಿವಾರ ಬಾವಿಯ ಬಾಯಿಗೆ ಅಡ್ಡಲಾಗಿ ಹಲಗೆ ಹಾಕಿ, ಗೌಂಡಿಯ ತೂಗುಗುಂಡನ್ನು ನಡುವೆ ಇಳಿಬಿಟ್ಟು, ಕಲ್ಲನ್ನು ದಾರಕ್ಕೆ ಕಟ್ಟಿ, ಕೈ ತಾಗದಂತೆ ದಾರ ಸುಟ್ಟು ಬಿಡುತ್ತೇನೆ. ಅಲ್ಲಿಯವರೆಗೆ ನನ್ನ ಮೂರು ಕಲ್ಲುಗಳನ್ನು ಕೈಯೇ ತಳ್ಳಿತೆಂದು ಒಪ್ಪುವುದಿಲ್ಲ.